ಚೇಚಿಗೆ, ಮತ್ತು ಐಎನ್‌ಎಸ್ ಮೈಸೂರಿನ ಎಲ್ಲರಿಗೂ

ಕಳೆದ ತಿಂಗಳ ಕೊನೆಗೆ ನಮ್ಮ ಯಜಮಾನರು ನೌಕಾಪಡೆಯಿಂದ ನಿವೃತ್ತರಾದರು. ಅಂಕೋಲೆಯ ಮನೆಗೆ ಸಾಮಾನು ಬಂದು ಇಳಿದಿದೆ, ಅರ್ಧ ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಎಷ್ಟೋ ಜನ ಫೋನ್ ಮಾಡಿದಿರಿ, ಮೆಸೇಜ್ ಕಳಿಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಬೇರೆ ಕಡೆಯೂ ಕೆಲಸ ಮಾಡಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಹಡಗು ಅಂದರೆ ಒಂದೇ, ಐಎನ್‌ಎಸ್ ಮೈಸೂರು. ನನಗೆ ಆ ಹೆಸರು ಮದುವೆಗೆ ಮುಂಚೆಯೇ ಗೊತ್ತಿತ್ತು. ನನ್ನ ತವರು ಕಾರವಾರದ ಪಕ್ಕದ ಬಿಣಗಾ. ಎದುರಿಗೇ ಅಂಜದೀವ್ ದ್ವೀಪ. 1961ರ ಡಿಸೆಂಬರ್‌ನಲ್ಲಿ ಆ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳಲು ಐಎನ್‌ಎಸ್ ತ್ರಿಶೂಲ್ ಜತೆ ಬಂದಿದ್ದು ಹಳೆಯ ಮೈಸೂರು, ಬ್ರಿಟಿಷರಿಂದ ಕೊಂಡ ಕ್ರೂಸರ್ ಯುದ್ಧನೌಕೆ. ನಮ್ಮ 7 ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಆ ಮಾತು ಬಂದಾಗಲೆಲ್ಲ ಊರಿನ ಹಿರಿಯರು ಕಡಲ ಕಡೆ ಕೈ ಮಾಡಿ ತೋರಿಸುತ್ತಿದ್ದರು. ಆ ಹಡಗು 1985ರಲ್ಲಿ ಸೇವೆ ಮುಗಿಸಿತು.

ನಮ್ಮವರು ಇದ್ದದ್ದು ಅದೇ ಹೆಸರಿನ ಹೊಸ ಯುದ್ಧನೌಕೆಯಲ್ಲಿ, ಅದು ಡೆಸ್ಟ್ರಾಯರ್. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. 1991ರಲ್ಲಿ ಕೆಲಸ ಶುರುವಾಯಿತು, 1993ರಲ್ಲಿ ನೀರಿಗಿಳಿಯಿತು. ಸೋವಿಯತ್ ಒಕ್ಕೂಟ ಒಡೆದುಹೋಗಿ ಅಲ್ಲಿಂದ ಬರಬೇಕಾದ ಯಂತ್ರ, ಶಸ್ತ್ರಗಳೆಲ್ಲ ತಡವಾದವು. ಅಂತೂ 1999ರ ಜೂನ್ 2ರಂದು, ಕಾರ್ಗಿಲ್ ಯುದ್ಧ ನಡೆಯುತ್ತಿರುವಾಗಲೇ, ಸೇವೆಗೆ ಸೇರಿತು. ಉದ್ದ 163 ಮೀಟರ್. ಹಡಗಿನಿಂದ ಹಡಗಿಗೆ ಹಾರುವ 16 ಕ್ಷಿಪಣಿಗಳು, ಎರಡು ಹೆಲಿಕಾಪ್ಟರ್‌ಗೆ ಜಾಗ. ಹಡಗಿನ ಲಾಂಛನ ನಮ್ಮ ಗಂಡಭೇರುಂಡ. ಮನೆಯವರನ್ನೆಲ್ಲ ಹಡಗು ನೋಡಲು ಕರೆದಾಗ ನಾನು ಕ್ಷಿಪಣಿಗಿಂತ ಜಾಸ್ತಿ ಹೊತ್ತು ನಿಂತಿದ್ದು ಆ ಗಂಡಭೇರುಂಡದ ಮುಂದೆ. ಗುರುತು ಪರಿಚಯ ಇಲ್ಲದ ಊರಿನಲ್ಲಿ ನೆಂಟರ ಮನೆ ಸಿಕ್ಕ ಹಾಗಾಗಿತ್ತು.

ಇವರ ಕೆಲಸ ಕೆಳಗೆ, ಇಂಜಿನ್ ರೂಮಿನಲ್ಲಿ. ಸೇಲಿಂಗ್ ಮುಗಿಸಿ ಬಂದರೆ ಬ್ಯಾಗಿನ ಬಟ್ಟೆಗೆಲ್ಲ ಡೀಸೆಲ್ ವಾಸನೆ. ಎರಡು ಸಲ ನೆನೆಸಿ ಒಗೆದರೂ ಕಾಲರ್‌ನಲ್ಲಿ ಉಳಿದಿರುತ್ತಿತ್ತು.

ಈಗ ಚೇಚಿಯ ವಿಷಯ. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ.

2008ರ ನವೆಂಬರ್ ಕೊನೆಗೆ ಮುಂಬೈ ಮೇಲೆ ದಾಳಿ ಆಯಿತು. ನಾವಿದ್ದದ್ದು ಕೊಲಾಬಾದ ನೇವಿ ನಗರದ ಕ್ವಾರ್ಟರ್ಸ್‌ನಲ್ಲಿ. ಡಿಸೆಂಬರ್‌ನಲ್ಲಿ ನಮ್ಮ ಹಡಗು ಕಡಲ್ಗಳ್ಳರನ್ನು ತಡೆಯಲು ಏಡನ್ ಕೊಲ್ಲಿಯಲ್ಲಿತ್ತು. ಮಗಳಿಗೆ ಹುಷಾರು ತಪ್ಪಿದ್ದು ಆಗಲೇ. ಅವಳಿಗೆ ಏನಾಗಿತ್ತು ಅಂತ ಇದನ್ನು ಓದುವವರಿಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಡಿಸೆಂಬರ್ 12ರ ರಾತ್ರಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆಮೇಲೆ ನನಗೆ ಕಾಲು ನಿಲ್ಲಲಿಲ್ಲ.

ಎದುರು ಮನೆಯ ಚೇಚಿ ನನ್ನ ಜತೆ ಬಂದಿದ್ದರು. ಅವರ ಯಜಮಾನರೂ ಅದೇ ಹಡಗಿನಲ್ಲಿದ್ದರು. ಮಗನನ್ನು ಕೆಳಗಿನ ಮನೆಯವರ ಹತ್ತಿರ ಬಿಟ್ಟು, ಒಂದು ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು ಹೊರಟು ಬಂದವರು. ಮಗು ಡ್ರಿಪ್‌ನ ಸೂಜಿ ಕಿತ್ತುಕೊಳ್ಳುತ್ತಿತ್ತು. ಕೈಗೆ ರಟ್ಟು ಕಟ್ಟಿದ್ದರೂ ಕೊಸರಾಡುತ್ತಿತ್ತು. ಚೇಚಿ ಆ ಪುಟ್ಟ ಕೈಯನ್ನು ತಮ್ಮ ಎರಡೂ ಅಂಗೈ ನಡುವೆ ಹಿಡಿದು ಸ್ಟೂಲ್ ಮೇಲೆ ಕೂತರು. ಬೆಳಗಿನವರೆಗೆ ಕೈ ಬಿಡಲಿಲ್ಲ. ನೀರು ಕೂಡ ನಾನೇ ಅವರ ಬಾಯಿಗೆ ಹಿಡಿದೆ.

ಅಂದು ನನಗೆ ದೇಶ ಬೇಡ, ಹಡಗು ಬೇಡ, ಯಾವ ಹೆಮ್ಮೆಯೂ ಬೇಡ ಅನ್ನಿಸಿತ್ತು. ನಮ್ಮ ಯಜಮಾನರೊಬ್ಬರು ಇಲ್ಲಿರಬೇಕಿತ್ತು, ಅಷ್ಟೆ. ಇದನ್ನು ಜೋರಾಗಿಯೇ ಹೇಳಿದೆ. ಚೇಚಿ ಸಮಾಧಾನದ ಮಾತು ಹೇಳಲಿಲ್ಲ, ದೇಶಸೇವೆ ಅಂತ ಬುದ್ಧಿ ಹೇಳಲಿಲ್ಲ. "ಹೇಳು, ಎಲ್ಲ ಹೇಳಿಬಿಡು" ಅಂದರು, ತಮ್ಮ ಅರೆಬರೆ ಹಿಂದಿಯಲ್ಲಿ. ಹಡಗಿಗೆ ಸುದ್ದಿ ಕಳಿಸಬೇಕಾ ಅಂತ ಕೇಳಲು ಒಬ್ಬರು ಬಂದರು. ನಾನು ಚೇಚಿ ಮುಖ ನೋಡಿದೆ. "ಬೆಳಗಾಗಲಿ. ಆಮೇಲೆ ನೀನು ಏನು ಅಂದರೂ ಸರಿ" ಅಂದರು. ಬೆಳಗಿನ ಜಾವ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು.

13ರಂದು ಹಡಗಿನ ಸುದ್ದಿಯೇ ನಮ್ಮ ಹತ್ತಿರ ಬಂತು. ಇಥಿಯೋಪಿಯಾದ ಒಂದು ಸರಕು ಹಡಗು ಕಡಲ್ಗಳ್ಳರು ಬೆನ್ನಟ್ಟಿದ್ದಾರೆ ಅಂತ ಸಹಾಯಕ್ಕೆ ಕೂಗಿತ್ತು. ಮೈಸೂರು ಹೋಗಿ 23 ಜನರನ್ನು ಹಿಡಿದಿತ್ತು, 12 ಸೊಮಾಲಿಗಳು, 11 ಯೆಮೆನಿಗಳು. ಅವರ ದೋಣಿಯಲ್ಲಿ ಬಂದೂಕು, ರಾಕೆಟ್ ಲಾಂಚರ್ ಎಲ್ಲ ಇದ್ದವು. ಚೇಚಿ ನಿಂತುಕೊಂಡೇ ಟಿವಿ ನೋಡಿದರು. "ನಮ್ಮವರಿಗೆ ಯಾರಿಗೂ ಏನೂ ಆಗಿಲ್ಲ ಅಲ್ವಾ?" ಅಂತ ಪಕ್ಕದವರನ್ನು ಕೇಳಿದರು. ಇಲ್ಲ ಅಂದ ಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. ರಾತ್ರಿಯಿಡೀ ನನ್ನ ಮಗಳ ಕೈ ಹಿಡಿದು ಕೂತವರ ಎದೆಯಲ್ಲಿ ಅವರದೇ ಮನೆಯ ಭಯವೂ ಇತ್ತು ಅಂತ ನನಗೆ ಗೊತ್ತಾಗಿದ್ದು ಆಗ.

ಹಡಗಿನ ಚರಿತ್ರೆಯಲ್ಲಿ ಆ ತಾರೀಕಿಗೆ 23 ಕಡಲ್ಗಳ್ಳರ ಸುದ್ದಿ ಇರುತ್ತದೆ, ಇರಬೇಕು ಕೂಡ. ನಮ್ಮ ಮನೆಯಲ್ಲಿ ಆ ತಾರೀಕು ಚೇಚಿಯದು. ಪ್ರತಿ ವರ್ಷ ಅಂದು ಅವರಿಗೆ ಮೊದಲು ಫೋನ್ ಮಾಡುವುದು ಮಗಳೇ.

2011ರ ಫೆಬ್ರವರಿ ಕೊನೆಗೆ ಲಿಬಿಯಾದಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಜನರನ್ನು ಕರೆತರಲು ಐಎನ್‌ಎಸ್ ಜಲಾಶ್ವ ಹಡಗಿನ ಜತೆ ಮೈಸೂರು ಹೊರಟಿತು. ಆಗ ಚೇಚಿಯವರಿಗೆ ಕೊಚ್ಚಿಗೆ ವರ್ಗ ಆಗಿತ್ತು. ಆದರೂ ದಿನಾ ಸಂಜೆ ಫೋನ್ ಬರುತ್ತಿತ್ತು. "ಊಟ ಆಯ್ತಾ?" ಇಷ್ಟೇ ಕೇಳುತ್ತಿದ್ದರು.

ಮಗಳನ್ನು ಉಳಿಸಿಕೊಟ್ಟ ಡಾಕ್ಟರುಗಳು, ಸಿಸ್ಟರುಗಳು, ಆ ರಾತ್ರಿ ದುಡ್ಡು ಮುಟ್ಟದೆ ಹೋದ ಟ್ಯಾಕ್ಸಿಯವರು, ಕೆಳಗಿನ ಮನೆಯವರು, ಮೂರೇ ದಿನಕ್ಕೆ ಊರಿನಿಂದ ಓಡಿಬಂದ ನನ್ನ ಅಪ್ಪ ಅಮ್ಮ, ಇಂಜಿನ್ ರೂಮಿನಲ್ಲಿ ಇವರ ಪಾಳಿಯನ್ನೂ ತಾವೇ ಮಾಡಿದ ಗೆಳೆಯರು, ಎಲ್ಲರಿಗೂ ಕೈಮುಗಿದು ನಮಸ್ಕಾರ. ಈಗ ಆ ಹಡಗಿನಲ್ಲಿ ಸೇಲಿಂಗ್ ಹೋಗುವ ಹುಡುಗರಿಗೂ, ಅವರ ಮನೆಯವರಿಗೂ ಒಳ್ಳೆಯದಾಗಲಿ.

ಚೇಚಿ, ಇದನ್ನು ಮಗಳು ನಿಮಗೆ ಓದಿ ಹೇಳುತ್ತಾಳೆ. ತ್ರಿಶೂರಿನಲ್ಲಿ ನೇತ್ರಾವತಿ ರೈಲು ಹತ್ತಿದರೆ ಸೀದಾ ಕಾರವಾರ. ಸ್ಟೇಷನ್ನಿಗೆ ಇವರು ಬರುತ್ತಾರೆ. ಮಳೆ ಹಿಡಿಯುವ ಮುಂಚೆ ಬನ್ನಿ, ಆಮೇಲೆ ಒಳ್ಳೆಯ ಮೀನು ಸಿಗುವುದಿಲ್ಲ. ಮೇಲಿನ ಕೋಣೆಯ ಪೆಟ್ಟಿಗೆಗಳನ್ನು ಮೊದಲು ಬಿಚ್ಚಿ ನಿಮಗೆ ಜಾಗ ಮಾಡಿಟ್ಟಿದ್ದೇನೆ.