ಕಾಯೋದಕ್ಕೂ ಕೂಲಿ ಕೊಡ್ತಾರಂತೆ, ದೋಸ್ತ

ದೋಸ್ತ,

ಮೊನ್ನೆ ನೀನು ಫೋನ್ ಮಾಡಿದಾಗ ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು, ಅರ್ಧಕ್ಕೇ ಇಟ್ಟುಬಿಟ್ಟೆ. ಈಗ ಕೂತು ಬರೆಯುತ್ತಿದ್ದೇನೆ. ನಿನ್ನ ತಕರಾರು ಇಷ್ಟೇ ಅಲ್ವಾ: ಅಮೆಜಾನ್‌ನಲ್ಲಿ ಆರ್ಡರ್ ಮುಗಿಸುವಾಗ, ಎರಡು ದಿನಕ್ಕೆ ಬೇಕೋ ಅಥವಾ ಒಂದು ವಾರ ಕಾಯ್ತೀಯೋ, ಕಾದರೆ ಡಾಲರ್ ಒಂದೂವರೆ ಕ್ರೆಡಿಟ್ ಕೊಡ್ತೀವಿ ಅಂತ ಕೇಳುತ್ತದೆ. ವೈನಿ ತಗೋ ಅನ್ನುತ್ತಾರೆ. ನೀನು ಬೇಡ ಅನ್ನುತ್ತೀ. ಡಲ್ಲಾಸ್‌ನಲ್ಲಿ ಕೂತು ಗಂಡ ಹೆಂಡತಿ ಜಗಳವಾಡುವುದಕ್ಕೆ ಇದೊಂದೇ ಬಾಕಿ ಇತ್ತು ನೋಡು.

ನನ್ನನ್ನೇ ಯಾಕೆ ಕೇಳಿದೆ ಅಂತ ಗೊತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಪೆನ್ನು-ಪುಸ್ತಕದ ಅಂಗಡಿ ಈಗ ಅರ್ಧ ಪೋಸ್ಟ್ ಆಫೀಸ್ ಆಗಿದೆ. ಗಲ್ಲಿಯ ಮಂದಿ ಮನೆಯಲ್ಲಿ ಇಲ್ಲದಿದ್ದರೆ ಡೆಲಿವರಿ ಹುಡುಗರು ಪಾರ್ಸಲ್ ನನ್ನಲ್ಲೇ ಬಿಟ್ಟು ಹೋಗುತ್ತಾರೆ. ಹಿಂಗಾಗಿ ಯಾರ ಮನೆಗೆ ಏನು ಬಂತು, ಎಷ್ಟು ತಡವಾಗಿ ಬಂತು, ಯಾರು ವಾಪಸ್ ಕಳಿಸಿದರು, ಎಲ್ಲಾ ನನಗೆ ಗೊತ್ತಿರುತ್ತದೆ. ಗೊತ್ತಿರಬಾರದ್ದೂ.

ಮೊದಲು ನಮ್ಮ ಕಡೆಯ ಮಾತು. ಬೆಂಗಳೂರಿನ ತಮ್ಮನ ಫೋನಿನಲ್ಲಿ "ಇವತ್ತು ಸಂಜೆ" ಅಂತ ತೋರಿಸುವ ಸಾಮಾನು ನನ್ನ ಫೋನಿನಲ್ಲಿ "ಗುರುವಾರ" ಅಂತ ತೋರಿಸುತ್ತದೆ. ಪಾರ್ಸಲ್ ಎಲ್ಲಿದೆ ಅಂತ ನೋಡಿದರೆ ಒಂದೋ ಹೈದರಾಬಾದ್, ಇಲ್ಲಾ ಬೆಂಗಳೂರು. ಹೈದರಾಬಾದ್ 220 ಕಿ.ಮೀ. ಹತ್ತಿರ, ಬೆಂಗಳೂರು 600ರ ಹತ್ತಿರ. 2019ರ ನವೆಂಬರ್‌ನಲ್ಲಿ ನಮಗೂ ವಿಮಾನ ನಿಲ್ದಾಣ ಬಂತು, ಆದರೆ ನನ್ನ ಸ್ಟೇಪ್ಲರ್ ಪಿನ್ನು ವಿಮಾನದಲ್ಲಿ ಬರುವಷ್ಟು ದೊಡ್ಡ ಮನುಷ್ಯ ಅಲ್ಲ. ಯಾದಗಿರಿ ಕಡೆಯ ಹಳ್ಳಿಗಳಿಗೆ ಇನ್ನೂ ಒಂದೆರಡು ದಿನ ಸೇರಿಸಿಕೋ. ಅಂದರೆ ನಾವು ಬಿಟ್ಟಿ ಕಾಯುತ್ತಲೇ ಇದ್ದೇವೆ, ನಿಮಗೆ ಅದಕ್ಕೂ ರೊಕ್ಕ ಕೊಡ್ತಾರೆ. ಚಿಕ್ಕವರಿದ್ದಾಗ ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸಿ, ಪೋಸ್ಟ್‌ಮನ್ ಕೈಗೆ ರೊಕ್ಕ ಎಣಿಸಿ ಕೊಟ್ಟು ಬಿಡಿಸಿಕೊಳ್ಳುತ್ತಿದ್ದೆವಲ್ಲ, ಆಗ ಕಾದಿದ್ದಕ್ಕೆ ಯಾರೂ ಒಂದು ಚಹಾ ಸಹ ಕೊಡಲಿಲ್ಲ.

ಅವರು ಯಾಕೆ ಕೊಡುತ್ತಾರೆ ಅಂತ ತಿಳಿದರೆ ನಿನ್ನ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ನಿಮ್ಮಲ್ಲಿ ಅಮೆಜಾನ್‌ನ ಪ್ರೈಮ್ ಸದಸ್ಯತ್ವ ಶುರುವಾಗಿದ್ದು 2005ರಲ್ಲಿ. ವರ್ಷಕ್ಕೆ 79 ಡಾಲರ್, ಎರಡು ದಿನದಲ್ಲಿ ಮನೆಗೆ. ಈಗ 139 ಡಾಲರ್. 2019ರಲ್ಲಿ ನೋಡು, ಫೆಬ್ರವರಿಯಲ್ಲಿ ಅವರೇ "ವಾರದಲ್ಲಿ ಒಂದು ದಿನ ಆರಿಸಿಕೊಳ್ಳಿ, ಎಲ್ಲಾ ಒಟ್ಟಿಗೆ ತರುತ್ತೇವೆ" ಅಂದರು, ಏಪ್ರಿಲ್‌ನಲ್ಲಿ "ಎರಡು ದಿನ ಅಲ್ಲ, ಇನ್ನು ಮುಂದೆ ಒಂದೇ ದಿನ" ಅಂದರು. ಒಂದೇ ವರ್ಷ, ಎರಡು ಮಾತು. ಅವಸರ ಕಲಿಸಿದವರೇ ಈಗ ಅವಸರ ಬಿಡಿ, ಕಾಸು ಕೊಡ್ತೀವಿ ಅನ್ನುತ್ತಿದ್ದಾರೆ.

ಕಾರಣ ಸರಳ. ಪಾರ್ಸಲ್ ಸಾಗಿಸುವುದರಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಕೊನೆಯ ತುಂಡು ದಾರಿ, ಅಂದರೆ ಊರಿನ ಗೋದಾಮಿನಿಂದ ನಿನ್ನ ಬಾಗಿಲವರೆಗೆ. ಸೋಮವಾರ ಒಂದು ಡಬ್ಬಿ, ಮಂಗಳವಾರ ಒಂದು, ಬುಧವಾರ ಒಂದು ಅಂತ ವ್ಯಾನು ಮೂರು ಸಲ ಬಂದರೆ ಮೂರು ಸಲದ ಖರ್ಚು. ನೀನು ವಾರ ಕೊಟ್ಟರೆ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಬಹುದು, ದೂರದ ಗೋದಾಮಿನಿಂದ ವಿಮಾನದ ಬದಲು ಲಾರಿಯಲ್ಲಿ ತರಿಸಬಹುದು, ಹಬ್ಬದ ಸೇಲ್ ಟೈಮಿನಲ್ಲಿ ಗೋದಾಮಿನ ಮೇಲೆ ಬೀಳುವ ಭಾರವನ್ನು ನಾಲ್ಕು ದಿನಕ್ಕೆ ಹಂಚಬಹುದು. ಹಿಂಗೆ ಉಳಿದ ರೊಕ್ಕದಲ್ಲಿ ನಿನಗೊಂದು ಚೂರು. ಇದರಲ್ಲಿ ಮೋಸ ಏನಿಲ್ಲ, ವ್ಯಾಪಾರ.

ಆದರೆ ಆ ಚೂರು ಯಾವ ರೂಪದಲ್ಲಿ ಬರುತ್ತದೆ ಅನ್ನುವುದರ ಮೇಲೆ ನನ್ನ ತಕರಾರಿದೆ. ಕೆಲವು ಸಲ ಬಿಲ್ಲಿನಲ್ಲೇ ಕಡಿಮೆ ಮಾಡುತ್ತಾರೆ. ಅದು ಬಂದರೆ ಕಣ್ಣು ಮುಚ್ಚಿ ತಗೋ. ನಿನಗೆ ತೋರಿಸಿದ್ದು ಡಿಜಿಟಲ್ ಕ್ರೆಡಿಟ್. ಅದು ನಿನ್ನ ಬ್ಯಾಂಕಿಗೆ ಬರುವುದಿಲ್ಲ, ಅಕ್ಕಿ ಬೇಳೆಗೂ ಆಗುವುದಿಲ್ಲ. ಇ-ಪುಸ್ತಕ, ಸಿನಿಮಾ ಬಾಡಿಗೆ, ಇಂಥ ಅವರು ಹೇಳಿದ ಸಾಮಾನಿಗೆ ಮಾತ್ರ. ಸಾಮಾನು ಕಳಿಸಿದ ಮೇಲೆ ಖಾತೆಗೆ ಬೀಳುತ್ತದೆ, ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ, ಅಷ್ಟರೊಳಗೆ ಅಂಥದ್ದೇನೂ ಕೊಳ್ಳದಿದ್ದರೆ ಹೋಯಿತು. ಆರ್ಡರ್ ರದ್ದು ಮಾಡಿದರೂ ಹೋಯಿತು. ನೆಹರು ಗಂಜ್‌ನಲ್ಲಿ ದಿನವೆಲ್ಲಾ ತೊಗರಿ ಚೀಲ ಹೊತ್ತ ಹಮಾಲನಿಗೆ ಕೂಲಿ ಬದಲು "ನಮ್ಮ ಅಂಗಡಿಯಲ್ಲೇ ಈ ತಿಂಗಳೊಳಗೆ ಏನಾದರೂ ತಗೋ" ಅಂತ ಚೀಟಿ ಕೊಟ್ಟರೆ ಅವನು ಏನನ್ನುತ್ತಾನೆ ಹೇಳು? ನಮ್ಮಲ್ಲೂ ಬೇರೆ ಬೇರೆ ಆ್ಯಪ್‌ಗಳ ಕಾಯಿನ್ನು, ವ್ಯಾಲೆಟ್ ಕ್ಯಾಶ್‌ಬ್ಯಾಕು ಎಲ್ಲಾ ಇದೇ ಜಾತಿ. ಹೆಸರಿಗೆ ರೊಕ್ಕ, ಖರ್ಚು ಮಾಡಬೇಕಾದದ್ದು ಮತ್ತೆ ಅಲ್ಲೇ.

ಹಂಗಂತ ನೀನು ಗೆದ್ದೆ ಅಂದುಕೊಳ್ಳಬೇಡ. ವೈನಿ ರಾತ್ರಿ ಇ-ಪುಸ್ತಕ ಓದುವ ಕಿಂಡಲ್ ಹಿಡಿದುಕೊಂಡೇ ಮಲಗುತ್ತಾರೆ ಅಂತ ನೀನೇ ಹೇಳಿದ್ದೀ. ಅವರು ಹೆಂಗಿದ್ದರೂ ಪುಸ್ತಕ ಕೊಳ್ಳುವವರು, ಅವರ ಪಾಲಿಗೆ ಒಂದೂವರೆ ಡಾಲರ್ ಅಂದರೆ ಖರೆ ಒಂದೂವರೆ ಡಾಲರ್. ನೀನು ಕಾಲೇಜು ಬಿಟ್ಟ ಮೇಲೆ ಪುಸ್ತಕ ಮುಟ್ಟಿದ್ದು ನನಗೆ ಗೊತ್ತಿಲ್ಲ, ನಿನ್ನ ಪಾಲಿಗೆ ಅದು ಸೊನ್ನೆ. ಇಬ್ಬರೂ ಸರಿಯೇ ಹೇಳುತ್ತಿದ್ದೀರಿ. ಹಂಗಾಗಿ ಆರ್ಡರ್ ಯಾರ ಖಾತೆಯಿಂದ ಹೋಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ, ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ವಿಷಯ ಇದೆ, ಇದನ್ನು ನೀವಿಬ್ಬರೂ ನೋಡಿದಂತಿಲ್ಲ. ಬೇಗ ಬರಲಿ ಅಂತ ವರ್ಷಕ್ಕೆ 139 ಡಾಲರ್ ಕಟ್ಟುತ್ತೀರಿ. ಆಮೇಲೆ ಒಂದೂವರೆ ಡಾಲರಿಗೆ ನಿಧಾನ ಬಂದರೂ ನಡೀತದೆ ಅನ್ನುತ್ತೀರಿ. ಅಪರೂಪಕ್ಕೆ ಆದರೆ ಸರಿ. ಆದರೆ ಹೆಚ್ಚಿನ ಆರ್ಡರ್‌ಗೆಲ್ಲಾ ಹಂಗೇ ಒತ್ತುತ್ತಿದ್ದೀರಿ ಅಂದರೆ ಆ ಸದಸ್ಯತ್ವವೇ ಯಾಕೆ ಬೇಕು? ನಿಮ್ಮಲ್ಲಿ ಸದಸ್ಯರಲ್ಲದವರಿಗೂ 35 ಡಾಲರ್ ದಾಟಿದ ಆರ್ಡರ್‌ಗೆ ನಿಧಾನದ ಡೆಲಿವರಿ ಪುಕ್ಕಟೆ ಇದೆ. ಸಿನಿಮಾ ನೋಡುವುದಕ್ಕೆ ಇಟ್ಟುಕೊಂಡಿದ್ದೀರಿ ಅಂದರೆ ಅದು ಬೇರೆ ಲೆಕ್ಕ. ಇಲ್ಲಿ ನಾನು ಪ್ರೈಮ್‌ಗೆ ವರ್ಷಕ್ಕೆ 1,499 ರೂಪಾಯಿ ಕಟ್ಟುವ ಮೊದಲು ಇದನ್ನೇ ಯೋಚಿಸಿದೆ. ಕಲಬುರಗಿಗೆ ಗುರುವಾರ ಬರುವುದು ಬುಧವಾರ ಬಂದರೆ ನನಗೇನು ಲಾಭ ಅಂತ. ಕಟ್ಟಲಿಲ್ಲ.

ಕಾಯಬಾರದ ಸಾಮಾನೂ ಇವೆ. ಔಷಧ, ಪರೀಕ್ಷೆಯ ಪುಸ್ತಕ, ಒಂದು ದಿನಾಂಕಕ್ಕೆ ಮುಟ್ಟಲೇಬೇಕಾದ ಉಡುಗೊರೆ. ನಮ್ಮ ಊರಿಗಾದರೆ ಮೇ ತಿಂಗಳಲ್ಲಿ ಚಾಕೊಲೇಟ್ ಸಹ ಸೇರಿಸಬೇಕು, 42 ಡಿಗ್ರಿ ಬಿಸಿಲಿನಲ್ಲಿ ಲಾರಿಯಲ್ಲಿ ವಾರ ಕೂತು ಬಂದದ್ದನ್ನು ಚಮಚದಿಂದ ತಿನ್ನಬೇಕಾಗುತ್ತದೆ. ಸಾಕ್ಸು, ಫಿಲ್ಟರು, ಮಗಳ ಮುಂದಿನ ಸೈಜಿನ ಬೂಟು, ಇವಕ್ಕೆ ಎರಡು ದಿನದ ಅವಸರ ಸುಮ್ನೆ.

"ನಿಧಾನ ಡೆಲಿವರಿ ಪರಿಸರಕ್ಕೆ ಒಳ್ಳೇದು" ಅಂತ ಪಕ್ಕದಲ್ಲೊಂದು ಹಸಿರು ಎಲೆ ತೋರಿಸುತ್ತಾರೆ ಅಂದೆಯಲ್ಲ. ನಿಜ ಇರಬಹುದು, ಆದರೆ ಡಬ್ಬಿ ಒಂದೇ ಆಗಿ, ವ್ಯಾನು ಒಂದೇ ಸಲ ಬಂದರೆ ಮಾತ್ರ. ಮೂರು ನಿಧಾನದ ಆರ್ಡರ್ ಮೂರು ಬೇರೆ ದಿನ ಬಂದರೆ ಎಲೆಯೂ ಇಲ್ಲ, ಗಿಡವೂ ಇಲ್ಲ. ಅದಕ್ಕಿಂತ ನೀನೇ ಬೇಕಾದದ್ದನ್ನು ಕಾರ್ಟಿನಲ್ಲಿ ಹಾಕುತ್ತಾ ಹೋಗಿ ವಾರಕ್ಕೊಮ್ಮೆ ಒತ್ತು. ಇದರಲ್ಲಿ ಇನ್ನೊಂದು ಲಾಭ ಇದೆ: ಭಾನುವಾರ ಹಾಕಿದ್ದರಲ್ಲಿ ಅರ್ಧ ಶನಿವಾರದ ಹೊತ್ತಿಗೆ ಬೇಡ ಅನ್ನಿಸುತ್ತದೆ. ಆ ಉಳಿತಾಯ ಯಾವ ಕ್ರೆಡಿಟ್‌ಗಿಂತಲೂ ದೊಡ್ಡದು, ಅದನ್ನು ಯಾರೂ ತೋರಿಸುವುದಿಲ್ಲ ಅಷ್ಟೇ.

ಡೆಲಿವರಿ ಹುಡುಗರ ಮಾತು ಹೇಳದಿದ್ದರೆ ಈ ಕಾಗದ ಪೂರ್ತಿ ಆಗುವುದಿಲ್ಲ. ಗಿರಾಕಿಗಳು ನಿಧಾನ ತಗೊಂಡರೆ ನಿಮಗೆ ಓಡಾಟ ಕಡಿಮೆ, ಒಳ್ಳೇದೇ ಅಲ್ವಾ ಅಂತ ಒಬ್ಬನನ್ನು ಕೇಳಿದೆ. ಹುಡುಗ ನಕ್ಕ. "ಅಣ್ಣಾ, ಮೂರು ಸಾಮಾನು ಒಂದೇ ಡಬ್ಬಿಯೊಳಗ ಬಂದ್ರ ನನಗ ಒಂದೇ ಪಾರ್ಸಲ್ಲಿನ ರೊಕ್ಕ" ಅಂದ. ಬೈಕು ಅವನದು, ಪೆಟ್ರೋಲು ಅವನದು, ಲೆಕ್ಕ ಪಾರ್ಸಲ್ ಮೇಲೆ. ಕಂಪನಿ ಉಳಿಸಿದ್ದರಲ್ಲಿ ಗಿರಾಕಿಗೆ ಒಂದು ಚೂರು ಸಿಕ್ಕರೆ, ಇವನಿಗೆ ಕಡಿತ. ಆದರೆ ಇವನೇ ಇನ್ನೊಂದು ಮಾತು ಹೇಳಿದ. ಅವಸರದ ಪಾರ್ಸಲ್ ಇದ್ದ ದಿನ ಮಧ್ಯಾಹ್ನದ ಬಿಸಿಲಲ್ಲೇ ಓಡಬೇಕು, ಇಲ್ಲದಿದ್ದರೆ ಸಂಜೆಗೆ ಇಡಬಹುದು. ಮೇ ತಿಂಗಳಲ್ಲಿ ರಿಂಗ್ ರೋಡ್ ನೋಡಿದವನು ನೀನು, ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಂಥ ಕೆಲಸದವರಿಗೆ ಅಂತ 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು ಅಂತ. ಈ ಹುಡುಗನಿಗೆ ಅದರ ಹೆಸರೂ ಗೊತ್ತಿರಲಿಲ್ಲ. ನಾನೇ ಹೇಳಿ, ನಿನ್ನ ನೋಂದಣಿ ಆಗಿದೆಯೋ ಇಲ್ಲವೋ ವಿಚಾರಿಸು ಅಂದೆ. ಡಲ್ಲಾಸ್‌ನಲ್ಲಿ ನಿನ್ನ ಬಾಗಿಲಿಗೆ ಬರುವವನ ಲೆಕ್ಕ ಹೆಂಗಿದೆ ಅಂತ ಒಮ್ಮೆ ಕೇಳಿ ನೋಡು, ಬೇಸಿಗೆಯಲ್ಲಿ ಒಂದು ಬಾಟ್ಲಿ ತಣ್ಣೀರೂ ಕೊಡು.

ಅಷ್ಟೇ. ವೈನಿಗೆ ನನ್ನ ನಮಸ್ಕಾರ ಹೇಳು, ಈ ಕಾಗದ ಮಾತ್ರ ಪೂರ್ತಿ ಓದಿಸು, ನಿನಗೆ ಬೇಕಾದ ಸಾಲು ಮಾತ್ರ ತೋರಿಸಬೇಡ. ಡಿಸೆಂಬರ್‌ನಲ್ಲಿ ಬರುವ ತಾರೀಕು ಪಕ್ಕಾ ಆದ ಕೂಡಲೇ ತಿಳಿಸು. ಖಡಕ್ ರೊಟ್ಟಿ ಎಷ್ಟು ಬಡಿಯಬೇಕು, ಶೇಂಗಾ ಹಿಂಡಿ ಎಷ್ಟು ಕುಟ್ಟಬೇಕು ಅಂತ ಅವ್ವ ಈಗಲೇ ಕೇಳುತ್ತಿದ್ದಾಳೆ.

ನಿನ್ನ ದೋಸ್ತ,
ಕಲಬುರಗಿ