ಬೀಚಿನ ಬದಿಗೆ ನಮ್ಮ ಹೆಂಗಸರ ಮುಖ ಬರಲಿ, ಹೆಸರಿನ ಜೊತೆ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕಾರವಾರದಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡವಳು. ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ, ನಾಮಕರಣ, ಲ್ಯಾಮಿನೇಷನ್, ಜೆರಾಕ್ಸ್ ಎಲ್ಲಾ ಮಾಡುತ್ತೇನೆ. ನಮ್ಮ ಆಯಿ, ಅಂದರೆ ಅಮ್ಮ, ಮೂವತ್ತು ವರ್ಷ ಮೀನು ಮಾರಿ ನಮ್ಮನ್ನು ಸಾಕಿದಳು. ನಾನು ಕೇಳುವುದು ಇಷ್ಟೇ. ಟ್ಯಾಗೋರ್ ಬೀಚಿನ ಬದಿಯಲ್ಲಿ ಈ ಊರಿನ ಹೆಂಗಸರ ಫೋಟೋಗಳಿಗೆ ಒಂದು ಗೋಡೆ ಕೊಡಿ. ಪ್ರತಿ ಫೋಟೋದ ಕೆಳಗೆ ಅವರವರ ಹೆಸರು ಇರಲಿ.

ಯಾಕೆ ಎಂದು ಹೇಳುತ್ತೇನೆ. ನನ್ನ ಅಂಗಡಿಗೆ ಒಂದು ಕೆಲಸ ಮತ್ತೆ ಮತ್ತೆ ಬರುತ್ತದೆ. ಮಗನೋ ಅಳಿಯನೋ ಬರುತ್ತಾನೆ, ಕೈಯಲ್ಲಿ ಆಧಾರ್ ಕಾರ್ಡು. "ಇದನ್ನೇ ದೊಡ್ಡದು ಮಾಡಿ ಕೊಡಿ, ನಾಡಿದ್ದು ಹನ್ನೊಂದನೇ ದಿನ" ಎನ್ನುತ್ತಾನೆ. ಬೇರೆ ಫೋಟೋ ಇಲ್ವಾ ಎಂದರೆ ಯಾರದೋ ಮದುವೆಯ ಗುಂಪಿನ ಫೋಟೋ ತೋರಿಸುತ್ತಾನೆ. ಅದರಲ್ಲಿ ಆ ತಾಯಿ ಹಿಂದಿನ ಸಾಲಿನಲ್ಲಿ ಇರುತ್ತಾಳೆ. ಅರ್ಧ ಮುಖ ಬೇರೆಯವರ ಹೆಗಲ ಹಿಂದೆ. ನಾನು ಹೆಗಲು ಅಳಿಸಿ, ಕೆನ್ನೆ ಕೂಡಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡುತ್ತೇನೆ. ಜೀವಮಾನವಿಡೀ ದುಡಿದವಳ ಮುಖ ಮೊದಲ ಸಲ ದೊಡ್ಡದಾಗುವುದು ಅವಳು ಹೋದ ಮೇಲೆ, ಹಾರ ಹಾಕುವುದಕ್ಕೆ. ಎಷ್ಟು ಸಲ ಮಾಡಿದರೂ ಈ ಕೆಲಸ ನನಗೆ ರೂಢಿಯಾಗಿಲ್ಲ.

ಇನ್ನೊಂದು ಸಂಗತಿ ನಮ್ಮ ಮನೆಯದೇ. ಕೆಲವು ವರ್ಷಗಳ ಹಿಂದೆ ಪರಿಚಯದವರು ಒಂದು ಕ್ಯಾಲೆಂಡರ್ ತಂದು ತೋರಿಸಿದರು. ಜೂನ್ ತಿಂಗಳ ಹಾಳೆಯಲ್ಲಿ ಆಯಿ! ಬುಟ್ಟಿಯ ಮುಂದೆ ಕೂತು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಾಳೆ. ಕೆಳಗೆ "ಕರಾವಳಿಯ ಸೊಬಗು" ಎಂದು ಅಚ್ಚಾಗಿತ್ತು. ಯಾರು ತೆಗೆದರು, ಯಾವಾಗ ತೆಗೆದರು ಅವಳಿಗೆ ಗೊತ್ತೇ ಇಲ್ಲ. ಬುಟ್ಟಿಯ ತುಂಬಾ ಹಸಿ ಬಂಗಡೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಆಯಿ ಒಣಮೀನು ಮಾರಿ ಒಲೆ ಹಚ್ಚುತ್ತಿದ್ದಳು. ಬೇಸಿಗೆಯಲ್ಲೇ ಬಿಸಿಲಿಗೆ ಹರವಿ, ಕಾಗೆ ನಾಯಿ ಕಾದು ಒಣಗಿಸಿಟ್ಟ ಮೀನು. ನಿಜವಾದ ಜೂನ್ ಅದು. ಆಯಿ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದಳು. ಸಿಟ್ಟು ಮಾಡಲಿಲ್ಲ. "ಒಂದ್ ಮಾತು ಹೇಳಿದ್ರೆ ತಲೆ ಬಾಚ್ಕೊಂಡಾದ್ರೂ ಕೂತ್ಕೋತಿದ್ದೆ" ಅಂದಳು.

ಮಾನ್ಯರೇ, ನಮ್ಮ ಬೀಚಿನಲ್ಲಿ ನೋಡುವಂಥದ್ದು ಬಹಳ ಇದೆ. ಹರೆಯದಲ್ಲಿ ಇಲ್ಲಿಗೆ ಬಂದಿದ್ದ ಟ್ಯಾಗೋರರ ಹೆಸರಿದೆ. ಚೆಂಡಿಯಾದ ಮಗ, ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಚಪಲ್ ಯುದ್ಧನೌಕೆ ಇದೆ. ಎಲ್ಲವೂ ಹೆಮ್ಮೆಯೇ. ರಾಕ್ ಗಾರ್ಡನ್‌ನಲ್ಲಿ ನಮ್ಮ ಜಿಲ್ಲೆಯ ಬುಡಕಟ್ಟುಗಳ ಬದುಕಿನ ಶಿಲ್ಪಗಳೂ ಇವೆ, ಚೆಂದ ಇವೆ. ಆದರೆ ಆ ಶಿಲ್ಪಗಳು ಒಂದು ಸಮುದಾಯವನ್ನು ತೋರಿಸುತ್ತವೆ, ಒಬ್ಬಳನ್ನಲ್ಲ. ಇಂಥವಳು, ಇಂಥ ಕೇರಿಯವಳು, ಹೀಗೆ ಬದುಕಿದಳು ಎಂದು ಹೇಳುವ ಒಂದು ಮುಖ ಬೇಕು.

ಹೆಸರು ಎಂಥ ವ್ಯತ್ಯಾಸ ಮಾಡುತ್ತದೆ ಎಂಬುದನ್ನು ನಮ್ಮ ಪಕ್ಕದ ಅಂಕೋಲೆಯೇ ತೋರಿಸಿಕೊಟ್ಟಿದೆ. 2021ರ ನವೆಂಬರ್‌ನಲ್ಲಿ ಜೀವಮಾನವಿಡೀ ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡರು. ಆ ಫೋಟೋ ಇಡೀ ದೇಶ ನೋಡಿತು. ನಮ್ಮ ಜಿಲ್ಲೆಯ ಹಾಲಕ್ಕಿ ಬುಡಕಟ್ಟಿನ ಎಲ್ಲ ಅಮ್ಮಂದಿರದೂ ಅದೇ ಮಣಿಸರ, ಅದೇ ಉಡುಗೆ. ಆದರೆ ಯಾರೂ "ಹಾಲಕ್ಕಿ ಮಹಿಳೆ" ಎಂದು ಬರೆದು ಸುಮ್ಮನಾಗಲಿಲ್ಲ. ತುಳಸಜ್ಜಿ ಎಂದರು. ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹಾಗೆಯೇ. ಹಾಡಿನಿಂದ, ಸಾರಾಯಿ ವಿರುದ್ಧದ ಹೋರಾಟದಿಂದ ಮನೆಮಾತಾಗಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಜ್ಜಿ. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ ಹೋದರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಎರಡೇ ತಿಂಗಳಲ್ಲಿ ಇಬ್ಬರೂ.

ಈಗಲೂ ಭಾನುವಾರದ ಸಂತೆಗೆ ಹಾಲಕ್ಕಿ ಅಮ್ಮಂದಿರು ಸೊಪ್ಪು ತರಕಾರಿ ಹೊತ್ತು ಬರುತ್ತಾರೆ. ಪ್ರವಾಸಿಗರು ಮೊಬೈಲು ಹಿಡಿದು ಸುತ್ತ ನಿಲ್ಲುತ್ತಾರೆ. ಸೊಪ್ಪಿನ ರೇಟು ಕೇಳುವವರಿಗಿಂತ ಫೋಟೋ ತೆಗೆಯುವವರೇ ಜಾಸ್ತಿ. ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು, "ತಂಗೀ, ಸರ ಬಿಚ್ಚಿಟ್ಟು ಬಂದ್ರೆ ಇವ್ರು ನನ್ನ ಫೋಟೋ ತೆಗೀತ್ರಾ?" ನನಗೆ ಉತ್ತರ ಕೊಡಲು ಆಗಲಿಲ್ಲ.

ಅದಕ್ಕೇ ಮೊದಲು ಅವರನ್ನು ಕೇಳಬೇಕು. ಅವರಿಗೆ ಅರ್ಥವಾಗುವ ಮಾತಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ, ಎಲ್ಲಿ ಹಾಕುತ್ತೇವೆ, ಎಷ್ಟು ದಿನ ಇರುತ್ತದೆ ಎಂದು ಹೇಳಬೇಕು. ಬೇಡ ಎಂದವರನ್ನು ಒತ್ತಾಯ ಮಾಡಬಾರದು. ಹಾಕಿದ ಮೇಲೆ ಬೇಡವೆನಿಸಿದರೂ ತೆಗೆಯಬೇಕು. ಒಂದು ಪ್ರತಿ ಅವರ ಮನೆಗೆ ಹೋಗಬೇಕು, ಚೌಕಟ್ಟು ಹಾಕಿಸಿ. ನಾನು ಈಗಾಗಲೇ ಹದಿನೈದು ಜನರನ್ನು ಕೇಳಿದ್ದೇನೆ. ಮೂವರು ಬೇಡ ಎಂದರು. ಒಬ್ಬರು, "ಮುಖ ಬೇಡ, ಕೈ ತೆಗಿ" ಎಂದರು. ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಅಕ್ಕ ಅವರು. ಚಿಪ್ಪು ತಾಗಿ ತಾಗಿ ಬೆರಳ ತುದಿಯೆಲ್ಲ ಗೀರು. ಬೆರಳ ಗುರುತು ನೋಡುವ ಯಂತ್ರ ಅವರ ಹೆಬ್ಬೆರಳನ್ನು ಎಷ್ಟೋ ಸಲ ಗುರುತಿಸುವುದಿಲ್ಲವಂತೆ. ಆ ಕೈಗಳ ಫೋಟೋ ತೆಗೆದಾಗಿದೆ. ಕೆಳಗೆ ಅವರ ಹೆಸರೇ ಬರುತ್ತದೆ.

ಉಳಿದವರಲ್ಲಿ ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು ಇದ್ದಾರೆ. ರಾತ್ರಿ ಪಾಳಿಯ ನರ್ಸ್ ಇದ್ದಾರೆ. ರಸ್ತೆ ಕೆಲಸಕ್ಕೆ ಬಂದು ಇಲ್ಲೇ ನಿಂತ ಲಂಬಾಣಿ ತಾಯಿ, ಹೊಲಿಗೆ ಯಂತ್ರದಿಂದಲೇ ಮೂರು ಮಕ್ಕಳನ್ನು ಓದಿಸಿದ ಮುಸ್ಲಿಂ ಅಕ್ಕ, ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗಿ ಬರುವ ಹುಡುಗಿ ಇದ್ದಾರೆ. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟವರಲ್ಲಿ ಒಬ್ಬರು ಅಮ್ಮ ಇದ್ದಾರೆ. ಅವರಿಗೆ ತಮ್ಮ ಹಳೆಯ ಅಂಗಳದ ಒಂದು ಫೋಟೋ ಸಿಗಬಹುದೇ ಎಂಬುದೊಂದೇ ಆಸೆ. ಯಲ್ಲಾಪುರದ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಸಿದ್ದಿ ಹುಡುಗಿ ಇದ್ದಾಳೆ. ಮೂಲ ಆಫ್ರಿಕಾದ್ದಾದರೂ ಶತಮಾನಗಳಿಂದ ಈ ಮಣ್ಣಿನಲ್ಲೇ ಇರುವ ಜನ ಅವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಆದರೂ ಬಸ್ಸಿನಲ್ಲಿ "ಯಾವ ದೇಶ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರಂತೆ. ತನ್ನ ಫೋಟೋ ಕೆಳಗೆ ಊರಿನ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿ ಎಂದಿದ್ದಾಳೆ.

ಮುಖವನ್ನು ಬೆಳ್ಳಗೆ ಮಾಡುವುದು ಬೇಡವೇ ಬೇಡ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ಮೊಬೈಲುಗಳು ಕೇಳದೆಯೇ ಚರ್ಮ ನುಣ್ಣಗೆ ಮಾಡುತ್ತವೆ, ಸುಕ್ಕು ಅಳಿಸುತ್ತವೆ. ಇನ್ನು ಕಡಲು ಹಿಂದೆ ಬರುವಂತೆ ನಿಲ್ಲಿಸಿದರೆ ಕ್ಯಾಮೆರಾ ಆ ಬೆಳಕನ್ನೇ ಲೆಕ್ಕ ಹಿಡಿದು ಮುಖವನ್ನು ಕತ್ತಲಾಗಿಸುತ್ತದೆ. ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳವನ್ನು ಮುಖದ ಕೆಳಗೆ ಹಿಡಿದರೆ ಸಾಕು, ಬೆಳಕು ಕಣ್ಣಿಗೆ ಬರುತ್ತದೆ, ಬಣ್ಣ ಇದ್ದ ಹಾಗೇ ಸಿಗುತ್ತದೆ. ಮುಖ ತೆಗೆಯಲು ಒಳ್ಳೆಯ ಬೆಳಕು ಎಂದರೆ ನಮ್ಮ ಮಳೆಗಾಲದ ಮೋಡದ ಬೆಳಕು, ಮಳೆ ಸ್ವಲ್ಪ ಬಿಟ್ಟ ಗಳಿಗೆ.

ಫ್ಲೆಕ್ಸ್ ಕೂಡ ಬೇಡ. 2016ರಲ್ಲೇ ರಾಜ್ಯದಲ್ಲಿ ಅದಕ್ಕೆ ನಿಷೇಧ ಬಂದಿದೆ. ನಿಷೇಧ ಇಲ್ಲದಿದ್ದರೂ ನಮ್ಮೂರಿನ ಮಳೆಗೆ, ಉಪ್ಪುಗಾಳಿಗೆ ಅದು ಒಂದು ವರ್ಷ ಬಾಳುವುದಿಲ್ಲ. ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಫೋಟೋ ಮೇಲೆ ಕೆಂಪು ನೀರು ಇಳಿಸುತ್ತದೆ. ಟೈಲ್ಸ್ ಮೇಲೆ ಅಚ್ಚು ಹಾಕಿಸಿ ಸುಟ್ಟರೆ ಬಣ್ಣ ಟೈಲ್ಸಿನಲ್ಲೇ ಸೇರಿಹೋಗುತ್ತದೆ. ಖರ್ಚು ಸ್ವಲ್ಪ ಜಾಸ್ತಿ. ತೆಗೆಯುವ ಕೆಲಸಕ್ಕೆ ನನಗೆ ದುಡ್ಡು ಬೇಡ. ಅಚ್ಚಿನ ಖರ್ಚು ಮತ್ತು ಗೋಡೆಯನ್ನು ಮಾತ್ರ ನಿಮ್ಮ ಹತ್ತಿರ ಕೇಳುತ್ತಿದ್ದೇನೆ.

ಇನ್ನೊಂದು ಮಾತು ಸೇರಿಸಲೇಬೇಕು. "ಗಟ್ಟಿಗಿತ್ತಿ" ಎಂಬ ಪದ ಗೋಡೆಯ ಮೇಲೆ ಬರೆಯುವುದು ಬೇಡ ಎಂದು ನಾನು ಮಾತಾಡಿಸಿದ ಹೆಂಗಸರಲ್ಲಿ ಹಲವರು ಹೇಳಿದರು. ರಸ್ತೆ ಬದಿಗೆ ಮೀನು ಮಾರುವ ಒಬ್ಬರು, "ಗಟ್ಟಿ ಇದ್ದೇವೆ ಅಂತ ಬಿಸಿಲಿಗೇ ಬಿಡಬೇಡಿ, ನೆರಳಿಗೊಂದು ತಗಡು, ಹತ್ತಿರದಲ್ಲೊಂದು ಶೌಚಾಲಯ ಆಗ್ಲಿ ಅಂತ ಸಾಹೇಬ್ರಿಗೆ ಹೇಳು" ಎಂದರು. ಹೇಳಿದ್ದೇನೆ.

ನಿಮ್ಮನ್ನು ಕಾಣಲು ನಾವು ಐದಾರು ಜನ ಬರುತ್ತೇವೆ, ತೆಗೆದ ಫೋಟೋಗಳನ್ನೂ ತರುತ್ತೇವೆ. ದಯವಿಟ್ಟು ಮಧ್ಯಾಹ್ನ ಮೂರರ ನಂತರ ಸಮಯ ಕೊಡಿ. ಬೆಳಿಗ್ಗೆಯಾದರೆ ಅವರ ಆ ದಿನದ ವ್ಯಾಪಾರ ಹೋಗುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಕಾರವಾರದ ಒಬ್ಬ ಸ್ಟುಡಿಯೋದವಳು