ಬಕ ಓಡಿಸೋದು ಬಿಡಿ, ಕೆರೆ ಅಂಚು ಸರಿ ಮಾಡಿ

ಮಾನ್ಯ ಸಂಪಾದಕರೇ,

ನಮ್ಮ ಕೆರೇಲಿ ಬೂದು ಬಕವೊಂದು ಬಾತುಮರಿ ಎತ್ತಿ ನುಂಗೋ ವಿಡಿಯೋ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಲ್ಲಿ ಓಡಾಡ್ತಿದೆ, ಅದರ ಕೆಳಗಿನ ಮಾತು ಓದಿ ತಡೀಲಾರದೆ ಈ ಪತ್ರ ಬರೀತಿದೀನಿ. "ಈ ಕೊಕ್ಕರೆಗಳನ್ನ ಪಟಾಕಿ ಹೊಡೆದು ಓಡಿಸಿ" ಅಂತ ಒಬ್ರು, "ಬಲೆ ಕಟ್ಟಿಸಿ" ಅಂತ ಇನ್ನೊಬ್ರು, "ಬಕಧ್ಯಾನ ಅಂತ ಸುಮ್ನೆ ಹೇಳ್ತಾರಾ, ಕಳ್ಳ ಹಕ್ಕಿ" ಅಂತ ಮತ್ತೊಬ್ರು. ಭಾನುವಾರ ನಾಟಿ ಕೋಳಿ ಸಾರಿನ ಫೋಟೋ ಹಾಕೋರೂ ಇವರೇ, ಇರಲಿ ಬಿಡಿ.

ಬಕಕ್ಕೆ ಮುಖ್ಯ ಊಟ ಮೀನು. ಜೊತೆಗೆ ಕಪ್ಪೆ, ಏಡಿ, ಇಲಿ, ನೀರುಹಾವು, ದೊಡ್ಡ ಹುಳ, ಸಿಕ್ಕಿದ್ರೆ ಹಕ್ಕಿಮರಿ, ಯಾವುದಕ್ಕೂ ಬೇಡ ಅನ್ನಲ್ಲ. ಬೆಂಗಳೂರಿನ ಕೆರೆಗಳಲ್ಲಿ ಈಗ ಎಲ್ಲಿ ನೋಡಿದ್ರೂ ಜಿಲೇಬಿ ಮೀನೇ (ತಿಲಾಪಿಯಾ), ಅದರ ಬೆನ್ನ ಮೇಲೆ ಮುಳ್ಳಿನ ಸಾಲಿರುತ್ತೆ, ಬಾಲದ ಕಡೆಯಿಂದ ನುಂಗೋಕೆ ಹೋದ್ರೆ ಗಂಟಲಿಗೆ ಸಿಕ್ಕೊಳುತ್ತೆ, ಅದಕ್ಕೇ ಬಕ ಹಿಡಿದ ತಕ್ಷಣ ನುಂಗಲ್ಲ, ದೊಡ್ಡ ಮೀನಾದ್ರೆ ದಡಕ್ಕೆ ತಂದು, ಒದರಿ, ಒಂದೆರಡು ಸಲ ಕುಕ್ಕಿ, ಕೊಕ್ಕಲ್ಲೇ ತಿರುಗಿಸಿ ತಿರುಗಿಸಿ ತಲೆ ಒಳಮುಖ ಆದ್ಮೇಲೇ ಗುಳುಂ. ಆ ಉಬ್ಬು ಕತ್ತಲ್ಲಿ ನಿಧಾನಕ್ಕೆ ಇಳಿಯೋದು ಆಚೆ ದಡದಿಂದಲೂ ಕಾಣುತ್ತೆ, ಆಮೇಲೆ ಎರಡು ಗುಟುಕು ನೀರು. ಇಲಿ ತಿಂದಿದ್ರೆ ಮೂಳೆಯೆಲ್ಲ ಹೊಟ್ಟೇಲೇ ಕರಗಿಹೋಗುತ್ತೆ, ಕೂದಲು ಮಾತ್ರ ಉಂಡೆಯಾಗಿ ವಾಪಸ್ ಬರುತ್ತೆ. ಬಾತುಮರಿ ಅದಕ್ಕೆ ದಿನಾ ಸಿಗೋ ಊಟ ಅಲ್ಲ. ಇಲಿ ಹಿಡಿಯೋ ವಿಡಿಯೋ ಯಾಕೋ ಯಾರೂ ಹಾಕಲ್ಲ!

ಇನ್ನು ಉಳಿದ ಹಕ್ಕಿಗಳ ವಿಷಯ. ಅವಕ್ಕೆ ಬಕ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತು. ಮರಿ ಇಲ್ಲದ ಟೈಮಲ್ಲಿ ನಾಮದಕೋಳಿ (ಹಣೆ ಮೇಲೆ ಬಿಳಿ ನಾಮ ಇರೋ ಕಪ್ಪು ನೀರುಹಕ್ಕಿ), ಬಾತು ಎಲ್ಲ ಬಕದ ಕಾಲ ಹತ್ರಾನೇ ಆರಾಮಾಗಿ ಮೇಯ್ತಿರ್ತವೆ. ಮರಿ ಆಗ್ಲಿ ನೋಡಿ, ಅದೇ ನಾಮದಕೋಳಿ ಕತ್ತು ತಗ್ಗಿಸಿ ನೀರು ಚಿಮ್ಮಿಸ್ಕೊಂಡು ನುಗ್ಗುತ್ತೆ. ಟಿಟ್ಟಿಭ ಅಂತೂ ಊರೇ ಎದ್ದು ಕೂರೋ ಹಾಗೆ ಕಿರುಚ್ತಾ ಬಕದ ತಲೆ ಮೇಲೇ ಎರಗುತ್ತೆ, ಮೂರಡಿ ಎತ್ತರದ ಹಕ್ಕಿ "ಕ್ರಾಂಕ್" ಅಂತ ಗೊಣಗ್ಕೊಂಡು ಜಾಗ ಖಾಲಿ ಮಾಡುತ್ತೆ. ಹದ್ದು ಬೇರೆ, ಬಕ ಮೀನು ಹಿಡಿದಿದ್ದು ಕಂಡ್ರೆ ಕಿತ್ಕೊಳ್ಳೋಕೆ ಬರುತ್ತೆ. ನೀರುಕಾಗೆಗಳು ಗುಂಪಾಗಿ ಮುಳುಗಿ ಮೀನನ್ನ ದಡದ ಕಡೆ ಅಟ್ಟಿದ್ರೆ ಬಕ, ಬೆಳ್ಳಕ್ಕಿ ಎಲ್ಲ ಅಲ್ಲಿ ಬಂದು ಕಾಯ್ತಾ ನಿಲ್ತವೆ, ಒಬ್ರು ಬೇಟೆ ಇನ್ನೊಬ್ರಿಗೆ ಊಟ. ಶಿರಾ ಹತ್ರ ಕಗ್ಗಲಡುವಿಗೆ ಹೋದ್ರೆ ಬೂದು ಬಕ, ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟಿರ್ತವೆ, ಊರಿನವರು ಪಟಾಕಿ ಹೊಡೆಯೋದಿರಲಿ, ಹೊರಗಿನವರು ಬಂದು ತೊಂದ್ರೆ ಕೊಡದ ಹಾಗೆ ಕಾಯ್ತಾರೆ.

ಹಾಗಾದ್ರೆ ನಮ್ಮ ಕೆರೇಲಿ ಮರಿಗಳು ಹೀಗೆ ಸುಲಭಕ್ಕೆ ಯಾಕೆ ಸಿಗ್ತಿವೆ? ನನ್ನ ಪ್ರಕಾರ ತಪ್ಪು ಕೊಕ್ಕಿಂದಲ್ಲ, ಜೆಸಿಬಿದು. ಅಭಿವೃದ್ಧಿ ಅಂತ ಹೇಳಿ ಸುತ್ತ ಒಂದೇ ಸಮ ಅಗೆದು, ಕಲ್ಲು ಜೋಡಿಸಿ, ಕೆರೇನ ಸ್ವಿಮ್ಮಿಂಗ್ ಪೂಲ್ ಮಾಡಿ ಇಟ್ಟಿದಾರೆ, ದಡದಿಂದ ಒಂದು ಹೆಜ್ಜೆ ಇಟ್ರೆ ಆಳ. ಬಕ ಈಜಿ ಮೀನು ಹಿಡಿಯೋ ಹಕ್ಕಿ ಅಲ್ಲ, ಅದಕ್ಕೆ ನಿಲ್ಲೋಕೆ ಮೊಣಕಾಲುದ್ದ ನೀರು ಬೇಕು. ಅಂಥ ಜಾಗ ಈಗ ಉಳಿದಿರೋದು ನೀರು ಒಳಗೆ ಬರೋ ಆ ಒಂದು ಮೂಲೇಲಿ ಮಾತ್ರ, ಅಲ್ಲೇ ಬಕಗಳೆಲ್ಲ ಸಾಲಾಗಿ ನಿಂತಿರ್ತವೆ, ಬಾತು ಮರಿ ಕರ್ಕೊಂಡು ಬರೋದೂ ಅಲ್ಲಿಗೇ. ಮುಂಚೆ ಅಂಚಲ್ಲಿ ಜೊಂಡು, ಆಪು ಅಂತ ನೀರಲ್ಲಿ ಬೆಳೆಯೋ ಎತ್ತರದ ಹುಲ್ಲು ಇತ್ತು, ಮರಿಗಳು ಅದರೊಳಗೆ ನುಸುಳಿಬಿಡ್ತಿದ್ವು. "ಗಲೀಜು ಕಾಣುತ್ತೆ, ಸೊಳ್ಳೆ ಬರುತ್ತೆ" ಅಂತ ಅದನ್ನೂ ಕಿತ್ತು ಹಾಕಿದ್ರು. ಇದರ ಮೇಲೆ ವಾಕಿಂಗ್ ಬಂದೋರು ಬ್ರೆಡ್ಡು ಬಿಸ್ಕತ್ತು ಎಸೆದು ಮರಿಗಳನ್ನ ಬಯಲಿಗೆ ಕರೀತಾರೆ, ಆಮೇಲೆ ಬಕ ಬಂದ್ರೆ ಅಯ್ಯೋ ಪಾಪ ಅಂತಾರೆ.

ಜಕ್ಕೂರು ಕೆರೆ ನೋಡ್ಕೊಂಡು ಬನ್ನಿ ಒಂದ್ಸಲ. ಸಂಸ್ಕರಿಸಿದ ನೀರು ಮೊದಲು ಗಿಡ ಬೆಳೆದಿರೋ ಜೌಗು ದಾಟಿ ಆಮೇಲೆ ಕೆರೆಗೆ ಸೇರುತ್ತೆ, ಅಲ್ಲಿ ಬಕಕ್ಕೂ ಜಾಗ ಇದೆ, ಮರಿಗಳಿಗೆ ಅಡಗೋಕೂ ಜಾಗ ಇದೆ.

ಪಟಾಕಿ ಪಾರ್ಟಿಗಳಿಗೆ ಒಂದು ಮಾತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬಕ ಹಿಡಿಯೋದು, ಹೊಡೆಯೋದು ಅಪರಾಧ. ಪಟಾಕಿ ಸದ್ದಿಗೆ ಬಕ ಒಂದೇ ಹಾರಲ್ಲ, ಗೂಡಲ್ಲಿ ಕಾವು ಕೂತಿರೋ ನಾಮದಕೋಳೀನೂ ಎದ್ದು ಹೋಗುತ್ತೆ, ಆಗ ಮೊಟ್ಟೆಗೆ ಕಾಗೆ ಬರುತ್ತೆ. ಸಂಬಂಧಪಟ್ಟವರಲ್ಲಿ ನಾನು ಕೇಳೋದಿಷ್ಟೇ, ಮುಂದಿನ ಸಲ ಹೂಳೆತ್ತೋವಾಗ ಕೆರೆಯ ಒಂದು ಕಡೆಯಾದ್ರೂ ಇಳಿಜಾರಾಗಿ ಬಿಡಿ, ಅಲ್ಲಿ ಆಪು ಬೆಳೆದ್ರೆ ಕೀಳಬೇಡಿ, ಇದನ್ನ ಟೆಂಡರಲ್ಲೇ ಬರೀರಿ, ಇಲ್ಲಾಂದ್ರೆ ಕಂಟ್ರಾಕ್ಟರ್ ಮತ್ತೆ ಸುತ್ತಲೂ ಕಲ್ಲೇ ಜೋಡಿಸಿ ಬಿಲ್ ಮಾಡ್ಕೊಂಡು ಹೋಗ್ತಾನೆ.

ಇತಿ,
ಕೆರೆ ಪಕ್ಕದ ನಿವಾಸಿ, ಬೆಂಗಳೂರು